ಸೇತುವೆಯ ಆಚೆ ಕೈ ಎತ್ತಿ ನಿಂತವನು

ಅಕ್ಕ ಸಿಂಗಪುರಕ್ಕೆ ಬಂದದ್ದು ನನ್ನ ಮಗಳ ಶಾಲೆಗೆ ಜೂನ್ ರಜೆ ಬಿಟ್ಟಾಗ. ಅಮೆರಿಕದಿಂದ ಒಬ್ಬಳೇ ಬರುತ್ತೇನೆ ಅಂದಾಗ ನನಗೆ ಸ್ವಲ್ಪ ವಿಚಿತ್ರ ಅನಿಸಿತ್ತು. ಮದುವೆಯಾದಾಗಿನಿಂದ ಅವಳು ಭಾವನನ್ನು ಬಿಟ್ಟು ಎಲ್ಲಿಗೂ ಹೋದವಳಲ್ಲ. ನಿನ್ನ ಭಾವನಿಗೆ ರಜೆ ಸಿಕ್ಕಿಲ್ಲ, ನನಗೆ ಎಲ್ಲಾದರೂ ಹೋಗಿ ಸುಮ್ಮನೆ ಕೂತಿರಬೇಕು ಅನಿಸಿದೆ ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು. ನಾನೂ ಹೆಚ್ಚು ಕೆದಕಲಿಲ್ಲ.

ಚಾಂಗಿ ವಿಮಾನ ನಿಲ್ದಾಣದಲ್ಲಿ ಗಾಜಿನ ಬಾಗಿಲು ದಾಟಿ ಬಂದವಳನ್ನು ಅಪ್ಪಿಕೊಂಡೆ. ತುಂಬ ಸೊರಗಿದ್ದಳು. ಅವಳ ಎಡಗೈ ನನ್ನ ಬೆನ್ನ ಮೇಲಿತ್ತು, ಬಲಗೈ ಮಾತ್ರ ನಮ್ಮಿಬ್ಬರ ನಡುವೆ, ಅವಳ ಸೊಂಟದ ಹತ್ತಿರ ಸಿಕ್ಕಿಕೊಂಡಿತ್ತು. ಬ್ಯಾಗಿನ ಪಟ್ಟಿ ಹಿಡಿದಿದ್ದಾಳೆ ಅಂದುಕೊಂಡೆ. ಟ್ಯಾಕ್ಸಿಯಲ್ಲಿ ಕೂತ ಮೇಲೆ ಆ ಬ್ಯಾಗು ತೋರಿಸಿ, ಇಲ್ಲಿಗೆ ಬರಲಿಕ್ಕೆಂದೇ ಹೊಸದು ಕೊಂಡೆ ಅಂದಳು.

"ಹಳೇದರ ಅಸ್ತರಿನಾಗ ಎಲ್ಲ್ಯರ ಒಂದು ಗುಂಡು ಉಳಕೊಂಡಿತ್ತಂದ್ರ? ನಿಮ್ಮೂರಾಗ ಹಿಡದು ಒಳಗ ಹಾಕ್ತಾರಂತ ಓದೀನಿ."

ನಾನು ನಕ್ಕೆ. ನಕ್ಕ ಮೇಲೆ ಅವಳು ತಮಾಷೆ ಮಾಡುತ್ತಿಲ್ಲ ಅಂತ ಗೊತ್ತಾಯಿತು.

ಅಕ್ಕನ ಹತ್ತಿರ ಪಿಸ್ತೂಲು ಇದೆ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಮನಸ್ಸಿಗೆ ಇಳಿದಿರಲಿಲ್ಲ. ನಾವು ಗದಗಿನವರು. ನಮ್ಮ ಮನೆಯಲ್ಲಿ ವಿಭೂತಿ ಗಟ್ಟಿ, ಲಿಂಗದ ಕರಡಿಗೆ, ಅಪ್ಪನ ಹೊಲಿಗೆ ಯಂತ್ರ ಇದ್ದವೇ ಹೊರತು ಇಂಥ ವಸ್ತುವನ್ನು ಕಂಡವರೇ ಇರಲಿಲ್ಲ. ಅಕ್ಕ ಅಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಟೋಪಿ ಹಾಕಿದವನೊಬ್ಬ ಬಂದು ಕೌಂಟರಿನ ಮೇಲೆ ಪಿಸ್ತೂಲಿಟ್ಟು, ನೋವಿನ ಮಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬು ಅಂದಿದ್ದ. ಇವಳು ತುಂಬಿದಳು, ಅವನು ಹೋದ. ಯಾರಿಗೂ ಏನೂ ಆಗಲಿಲ್ಲ. ಆದರೆ ಅದಾದ ಮೇಲೆ ಅಕ್ಕ ಕೆಲಸಕ್ಕೆ ಹೊರಡುವ ಹೊತ್ತಿಗೆ ನಡುಗುತ್ತಿದ್ದಳಂತೆ. ಭಾವ ಅವಳನ್ನು ತರಬೇತಿಗೆ ಸೇರಿಸಿದ, ತಾನೂ ಸೇರಿದ. ಇಬ್ಬರಿಗೂ ಪರ್ಮಿಟ್ ಬಂತು. ಬಟ್ಟೆಯ ಒಳಗೆ, ಯಾರಿಗೂ ಕಾಣದ ಹಾಗೆ, ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು ಅನ್ನುವ ಪರ್ಮಿಟ್. ನಡುಕ ನಿಂತಿತು ಅಂತ ಭಾವ ಹೇಳಿದ್ದ.

ಆ ಪರ್ಮಿಟ್ ಅವರ ರಾಜ್ಯದೊಳಗೆ ಮಾತ್ರ ನಡೆಯುತ್ತಿತ್ತು. ಅವರ ಊರಿನ ಪಕ್ಕದಲ್ಲೇ ಒಂದು ದೊಡ್ಡ ಹೊಳೆ, ಹೊಳೆಯಾಚೆ ಬೇರೆ ರಾಜ್ಯ. ಆ ರಾಜ್ಯದವರು ಇವರ ಪರ್ಮಿಟನ್ನು ಒಪ್ಪುವುದಿಲ್ಲ. ಅಕ್ಕನ ಕಂಪನಿಗೆ ಆಚೆಯೂ ಒಂದು ಅಂಗಡಿ ಇದ್ದದ್ದರಿಂದ ಅವಳು ಆಗಾಗ ಸೇತುವೆ ದಾಟಬೇಕಿತ್ತು. ಹಾಗೆ ದಾಟುವಾಗಲೆಲ್ಲ ಈಚೆಯ ಕೊನೆಯ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಪಿಸ್ತೂಲಿನಿಂದ ಗುಂಡು ತೆಗೆದು, ಎರಡನ್ನೂ ಬೇರೆಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಡಿಕ್ಕಿಯಲ್ಲಿ ಇಡಬೇಕು. ಮರೆತು ಸೊಂಟದಲ್ಲೇ ಇಟ್ಟುಕೊಂಡು ಹೋಗಿ ಸಿಕ್ಕಿಬಿದ್ದರೆ ಜೈಲು. ಭಾವನಿಗೆ ಇದು ದೊಡ್ಡ ಕಿರಿಕಿರಿ. ಪ್ರತಿ ಸಲ ಫೋನು ಮಾಡಿದಾಗಲೂ ಒಂದಿಷ್ಟು ಹೊತ್ತು ಇದೇ ಮಾತು.

ಇಲ್ಲಿ ಬಂದ ಮೊದಲ ದಿನಗಳಲ್ಲಿ ಅಕ್ಕ ಚೆನ್ನಾಗಿಯೇ ಇದ್ದಳು. ಬೆಳಿಗ್ಗೆ ಎದ್ದು ನಮ್ಮ ಕಾಂಡೋ ವಸತಿ ಸಂಕೀರ್ಣದ ಈಜುಕೊಳದ ಸುತ್ತ ನಡೆಯುತ್ತಿದ್ದಳು. ನನ್ನ ಯಜಮಾನರು ಜುರಾಂಗ್ ಐಲ್ಯಾಂಡಿನ ಒಂದು ರಾಸಾಯನಿಕ ಸ್ಥಾವರದಲ್ಲಿ ಎಂಜಿನಿಯರ್. ಅಲ್ಲಿಗೆ ಹೋಗುವ ಕಂಪನಿ ಬಸ್ಸನ್ನು ಹೇಗೆ ತಪಾಸಣೆ ಮಾಡುತ್ತಾರೆ, ಸಿಗರೇಟು ಹಚ್ಚುವ ಲೈಟರ್ ಕೂಡ ಒಳಗೆ ಬಿಡುವುದಿಲ್ಲ ಅಂತ ಅವರು ಊಟಕ್ಕೆ ಕೂತಾಗ ಹೇಳಿದರೆ, ಅಕ್ಕ ಕೈಯಲ್ಲಿನ ತುತ್ತು ಹಾಗೇ ಹಿಡಿದು ಕೇಳುತ್ತಿದ್ದಳು. ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದಳು. ಯಾರ ಹತ್ತಿರವೂ ಏನೂ ಇರುವುದಿಲ್ಲವಾ, ಎಂಆರ್‌ಟಿ ರೈಲಿನಲ್ಲಿ ಕೂತ ಇಷ್ಟು ಜನರಲ್ಲಿ ಒಬ್ಬರ ಹತ್ತಿರವೂ ಇಲ್ಲವಾ ಅಂತ. ಇಲ್ಲ, ಪೊಲೀಸರನ್ನು ಬಿಟ್ಟರೆ ಯಾರ ಹತ್ತಿರವೂ ಇಲ್ಲ, ಕೆಡುಕು ಮಾಡಲಿಕ್ಕೆ ಗುಂಡು ಹಾರಿಸಿದರೆ ಇಲ್ಲಿ ನೇಣೇ ಅಂತ ನನ್ನವರು ಹೇಳಿದರು. ಅಕ್ಕನಿಗೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆವು. ಅವಳು ಯಾವ ಕಡೆ ಸಮಾಧಾನ ಹುಡುಕುತ್ತಿದ್ದಾಳೆ ಅನ್ನುವುದು ನಮಗೆ ಗೊತ್ತಿರಲಿಲ್ಲ.

ಎಲ್ಲಿ ಹೋದರೂ ಬೆನ್ನಿಗೆ ಗೋಡೆ ಇರುವ ಜಾಗ ಹುಡುಕಿ ಕೂರುತ್ತಿದ್ದಳು. ಲಿಫ್ಟಿನಲ್ಲಿ ಮೂಲೆ. ಬಸ್ಸಿನಲ್ಲಿ ಹಿಂದಿನ ಸೀಟು. ಬಲಗೈ ಮಾತ್ರ ಕುರ್ತಾದ ಅಂಚಿನ ಹತ್ತಿರ ಹೋಗಿ ಸೊಂಟದ ಮೇಲೆ ಒಂದು ಕ್ಷಣ ನಿಂತು ವಾಪಸು ಬರುತ್ತಿತ್ತು. ಸೆರಗು ಸರಿಮಾಡಿಕೊಳ್ಳುವ ಹೆಂಗಸರಂತೆ, ಅವಳಿಗೇ ಗೊತ್ತಿಲ್ಲದ ಹಾಗೆ.

ಒಂದು ಸೋಮವಾರ ಸಂಜೆ ಅವಳನ್ನು ಲಿಟಲ್ ಇಂಡಿಯಾಕ್ಕೆ ಕರೆದುಕೊಂಡು ಹೋದೆ. ಜೋಳದ ಹಿಟ್ಟು, ಶೇಂಗಾ ತೊಗೊಂಡು, ಹಾಗೇ ದೇವಸ್ಥಾನಕ್ಕೆ ಹೋಗೋಣ ಅಂದೆ. ಮಂಗಳಾರತಿಯ ಹೊತ್ತು. ಜನ ಸಾಕಷ್ಟಿದ್ದರು. ಗಂಟೆ, ನಾಗಸ್ವರ ಶುರುವಾದಾಗ ನಮ್ಮ ಮುಂದೆ ನಿಂತಿದ್ದ ಎತ್ತರದ ಮನುಷ್ಯನೊಬ್ಬ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದ. ಇಲ್ಲಿಯ ದೇವಸ್ಥಾನಗಳಲ್ಲಿ ಎಲ್ಲರೂ ಹಾಗೇ ಕೈ ಮುಗಿಯುವುದು. ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಕ್ಕ ಪಕ್ಕದಲ್ಲಿ ಇರಲಿಲ್ಲ.

ಹೊರಗೆ ಚಪ್ಪಲಿ ಬಿಡುವ ಕಡೆ ಸಿಕ್ಕಳು. ಗೋಡೆಗೆ ಒರಗಿ ನಿಂತಿದ್ದಳು, ಮುಖವೆಲ್ಲ ಬೆವರು. ಸೆಕೆ ಅಂದಳು. ಸಿಂಗಪುರದಲ್ಲಿ ಸೆಕೆ ಅಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಎಳನೀರು ಕುಡಿಸಿ ಮನೆಗೆ ಕರೆತಂದೆ.

ಆ ವಾರದ ಕೊನೆಗೆ ಭಾವ ವಿಡಿಯೋ ಕಾಲ್ ಮಾಡಿದ. ತುಂಬ ಖುಷಿಯಲ್ಲಿದ್ದ. ಒಂದು ರಾಜ್ಯ ಕೊಟ್ಟ ಪರ್ಮಿಟನ್ನು ಉಳಿದ ರಾಜ್ಯಗಳೂ ಒಪ್ಪಬೇಕು ಅನ್ನುವ ಮಸೂದೆ ಅವರ ಸಂಸತ್ತಿನ ಮುಂದಿದೆ, ಈ ಸಲ ಆಗಿಯೇ ಬಿಡಬಹುದು ಅಂತ ಹೇಳಿದ. ನನ್ನ ಯಜಮಾನರು ಸುಮ್ಮನಿರಲಾರದೆ, ನಮ್ಮಂಥವರಿಗೆ ಅದೆಲ್ಲ ಯಾಕೆ ಬೇಕು ಅಂತ ಕೇಳಿದರು. ಭಾವ ಬೇಸರ ಮಾಡಿಕೊಳ್ಳಲಿಲ್ಲ, ಸಾವಧಾನವಾಗಿ ವಿವರಿಸಿದ. ಡ್ರೈವಿಂಗ್ ಲೈಸೆನ್ಸ್ ಎಲ್ಲ ರಾಜ್ಯದಲ್ಲೂ ನಡೆಯುತ್ತದೆ, ಒಂದು ರಾಜ್ಯದಲ್ಲಿ ಆದ ಮದುವೆಯೂ ನಡೆಯುತ್ತದೆ, ಸೇತುವೆಯ ಈ ಕಡೆ ಯೋಗ್ಯಳಾದವಳು ಆ ಕಡೆ ಹೋದ ಕೂಡಲೇ ಅಪರಾಧಿ ಹೇಗೆ ಆಗುತ್ತಾಳೆ? ಅವಳು ಒಬ್ಬಳೇ ಕಾರಿನಲ್ಲಿ ಕೂತಿದ್ದಾಗ ಯಾರಾದರೂ ಮೈಮೇಲೆ ಬಂದರೆ, ಡಿಕ್ಕಿಯಲ್ಲಿ ಬೀಗ ಹಾಕಿದ ಪಿಸ್ತೂಲಿನಿಂದ ಏನು ಉಪಯೋಗ?

ಅವನ ಮಾತಿನಲ್ಲಿ ಹೆಂಡತಿಯ ಬಗೆಗಿನ ಕಾಳಜಿ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಅಕ್ಕನ ಮುಖ ನೋಡಿದೆ. ಅವಳು ಫೋನನ್ನು ನನ್ನ ಕೈಗೆ ಕೊಟ್ಟು ಬಾಲ್ಕನಿಗೆ ಹೋದಳು.

ಮರುದಿನ ಮಧ್ಯಾಹ್ನ ಅಕ್ಕ ಸೋಫಾದ ಹತ್ತಿರ ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಅವಳ ಬೆನ್ನು ಬಾಗಿಲ ಕಡೆಗಿತ್ತು, ಅಪರೂಪಕ್ಕೆ. ನನ್ನ ಮಗಳು ಈಜಿ ಬಂದವಳು ಬರಿಗಾಲಲ್ಲಿ ಸದ್ದಿಲ್ಲದೆ ಹಿಂದಿನಿಂದ ಹೋಗಿ ದೊಡ್ಡಮ್ಮನ ಕಣ್ಣು ಮುಚ್ಚಿದಳು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಅಕ್ಕನ ಎಡ ಮೊಣಕೈ ಹಿಂದಕ್ಕೆ ಬಡಿದು ಮಗು ನೆಲಕ್ಕೆ ಬಿತ್ತು. ಎದ್ದು ತಿರುಗಿ ನಿಂತ ಅಕ್ಕನ ಬಲಗೈ ಕುರ್ತಾ ಎತ್ತಿ, ಏನನ್ನೋ ಹಿಡಿದು, ಮಗುವಿನ ಮುಖದ ನೇರಕ್ಕೆ ಬಂದು ನಿಂತಿತ್ತು. ಬರಿಗೈ. ತೋರುಬೆರಳು ಮಡಚಿತು. ಮತ್ತೆ ಮಡಚಿತು.

ಮಗಳು ಅಳಲಿಲ್ಲ. ಇದು ಆಟ ಅಂದುಕೊಂಡಳು. "ದೊಡ್ಡಮ್ಮ, ಜಸ್ಟ್ ಪ್ಲೇಯಿಂಗ್ ಲಾ," ಅಂತ ಇಲ್ಲಿಯ ಮಕ್ಕಳ ಇಂಗ್ಲಿಷಿನಲ್ಲಿ ಅಂದು ಎದ್ದು ಮೊಣಕಾಲು ಒರೆಸಿಕೊಂಡಳು. ಅಕ್ಕ ಅಲ್ಲೇ ನೆಲದ ಮೇಲೆ ಕುಸಿದಳು.

ಮಗಳನ್ನು ಪಕ್ಕದ ಮನೆಯ ಗೆಳತಿಯ ಹತ್ತಿರ ಬಿಟ್ಟು ಅಕ್ಕನನ್ನು ಹೊರಗೆ ಕರೆದುಕೊಂಡು ಹೋದೆ. ನಮ್ಮ ಹತ್ತಿರದ ಹಾಕರ್ ಸೆಂಟರಿನ ಊಟದಂಗಡಿಗಳಲ್ಲಿ ಮಧ್ಯಾಹ್ನದ ಗದ್ದಲ ಮುಗಿದಿತ್ತು. ಮೇಲೆ ಫ್ಯಾನುಗಳು ತಿರುಗುತ್ತಿದ್ದವು, ತಟ್ಟೆ ಎತ್ತುವ ಮುದುಕ ದೂರದ ಮೇಜೊಂದನ್ನು ಒರೆಸುತ್ತಿದ್ದ. ಕಾಫಿ ತಂದಿಟ್ಟೆ. ಅದು ಆರಿ ತಣ್ಣಗಾದ ಮೇಲೆ ಅವಳು ಬಾಯಿ ಬಿಟ್ಟಳು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ. ಅಕ್ಕ ಹೊಳೆಯಾಚೆಯ ಅಂಗಡಿಗೆ ಹೊರಟಿದ್ದಳು. ಎಂದಿನಂತೆ ಕೊನೆಯ ಬಂಕಿನಲ್ಲಿ ನಿಲ್ಲಿಸಿ, ಒಳಗೆ ಹೋಗಿ ಕಾಫಿ ಕೊಂಡು, ಪಿಸ್ತೂಲು ತೆಗೆದು ಡಿಕ್ಕಿಯಲ್ಲಿ ಬೀಗ ಹಾಕಿ ಸೇತುವೆ ದಾಟಿದಳು. ಹೊತ್ತು ಇನ್ನೂ ಇತ್ತು. ಆಚೆ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವ ಜಾಗವಿದೆ, ಮರಗಳಿವೆ. ಅಲ್ಲಿ ನಿಲ್ಲಿಸಿ ಕಾಫಿ ಕುಡಿಯುತ್ತ ಕೂತಳು. ಹಿಮ ಬೆರೆತ ಜಿನುಗು ಮಳೆ. ಬೇರೆ ಯಾರೂ ಇರಲಿಲ್ಲ. ಒಂದು ಕಾರು ಜೋರಾಗಿ ಬಂದು ಅವಳ ಹಿಂದೆ ನಿಂತಿತು. ತಲೆ ಮುಚ್ಚುವ ಜಾಕೆಟ್ ಹಾಕಿದ್ದ ಗಂಡಸೊಬ್ಬ ಇಳಿದು ಇವಳ ಕಡೆಗೇ ಓಡಿ ಬಂದ. ಕೈಯಲ್ಲಿ ಕಪ್ಪಗಿನದೇನೋ ಇತ್ತು. ಬಂದವನೇ ಕಿಟಕಿಯ ಗಾಜು ಬಡಿದು ಏನೋ ಕೂಗಿದ.

"ಕೈ ತಾನಾಗೇ ಹೋತು. ನಾ ಕಳಿಸಲಿಲ್ಲ," ಅಂದಳು ಅಕ್ಕ. "ಅಂಗಿ ಎತ್ತು, ಹಿಡಿ, ತೆಗಿ, ಒತ್ತು. ಹೆಂಗ ಕಲಿಸಿದ್ರೋ ಹಂಗ ಎಲ್ಲಾ ಮಾಡಿದೆ. ಸೊಂಟದಾಗಿನ ಪಿಸ್ತೂಲಿನ ಚೀಲ ಖಾಲಿ ಇತ್ತು, ಅಷ್ಟ. ಕೈಯಾಗ ಏನೂ ಇರಲಿಲ್ಲ. ಬೆರಳು ಸೈತ ಎಳೀತು, ತಂಗಿ."

ಆ ಮನುಷ್ಯ ಅವಳ ಕೈ ನೋಡಿದ. ಅಲ್ಲಿ ಬೆಳೆದವನಿಗೆ ಆ ಚಲನೆ ಏನು ಅಂತ ತಿಳಿಯದೆ ಇರುತ್ತದೆಯೇ? ಎರಡೂ ಕೈ ಮೇಲೆತ್ತಿದ. ಒಂದು ಕೈಯಲ್ಲಿ ಅಕ್ಕನ ಕಪ್ಪು ಪಾಕೀಟಿತ್ತು. ಕಾಫಿ ಕೊಂಡವಳು ಅದನ್ನು ಬಂಕಿನ ಕೌಂಟರಿನ ಮೇಲೇ ಬಿಟ್ಟು ಬಂದಿದ್ದಳು. ಅದನ್ನು ಕೊಡಲಿಕ್ಕೆ ಅವನು ಸೇತುವೆ ದಾಟಿ ಹಿಂಬಾಲಿಸಿ ಬಂದಿದ್ದ. ಕೈ ಎತ್ತಿಕೊಂಡೇ ಹಿಂದಕ್ಕೆ ಸರಿದ, ಮೆಲ್ಲಗೆ ಬಗ್ಗಿ ಪಾಕೀಟನ್ನು ಒದ್ದೆ ನೆಲದ ಮೇಲಿಟ್ಟ, ಮತ್ತೆ ಕೈ ಎತ್ತಿದ. ಹಾಗೇ ಹಿಮ್ಮುಖವಾಗಿ ನಡೆದು ತನ್ನ ಕಾರಿನ ತನಕ ಹೋದ. ಆ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಪುಟ್ಟ ಹುಡುಗಿ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು.

ಅವನು ಹೋದ. ಅಕ್ಕ ಥ್ಯಾಂಕ್ಸ್ ಹೇಳಲಿಲ್ಲ, ಗಾಜು ಇಳಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಇಳಿದು ಪಾಕೀಟು ಎತ್ತಿಕೊಂಡು ಕೆಲಸಕ್ಕೆ ಹೋದಳು. ದಿನವಿಡೀ ಮಾತ್ರೆ ಎಣಿಸಿ ಕೊಟ್ಟಳು. ಮನೆಗೆ ಬಂದು ಭಾವನಿಗೆ ಹೇಳಲಿಲ್ಲ.

ಏನೂ ಆಗಲಿಲ್ಲವಲ್ಲ ಅಕ್ಕ ಅಂದೆ.

"ಹೌದು. ಏನೂ ಆಗಿಲ್ಲ. ಅದಕ್ಕ ಯಾರ ಮುಂದೂ ಹೇಳಲಿಕ್ಕೆ ಬರೂದಿಲ್ಲ." ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತಳು. "ಸೇತುವೆ ಆಚೆ ಕಾನೂನು ಬ್ಯಾರೆ ಇತ್ತು. ಅದಕ್ಕ ಅವ ಇನ್ನೂ ಜೀವಂತ ಇದ್ದಾನ. ಎರಡೂ ಕಡೆ ಒಂದ ಕಾನೂನು ಇದ್ದಿದ್ರ ಆ ಹುಡುಗಿ ಕಣ್ಣ ಮುಂದನ ಅವನ್ನ ಕೊಂದಿರತಿದ್ದೆ. ನನಗ ಶಿಕ್ಷೆನೂ ಆಗತಿರಲಿಲ್ಲ ನೋಡು. ಪಾಪ, ಒಮ್ಮೆ ಅಂಗಡಿಯಾಗ ಹಂಗಾಗಿತ್ತು, ಹೆದರಿದ್ಲು ಅಂತ ಎಲ್ಲಾರೂ ನನ್ನ ಕಡೆನ ಮಾತಾಡತಿದ್ರು."

ಅವಳನ್ನು ಕಾಡುತ್ತಿದ್ದುದು ಅದು. ಬದುಕಿರುವ ಒಬ್ಬ ಮನುಷ್ಯ ಸತ್ತವನ ಹಾಗೆ ಅವಳ ಹಿಂದೆ ಬಂದಿದ್ದ. ಬಸ್ಸಿನಲ್ಲಿ ಎರಡೂ ಕೈಯಿಂದ ಮೇಲಿನ ಹಿಡಿಕೆ ಹಿಡಿದವರಲ್ಲಿ, ಬಾಲ್ಕನಿಯಲ್ಲಿ ಬಿದಿರು ಗಳಕ್ಕೆ ಬಟ್ಟೆ ಹಾಕುವವರಲ್ಲಿ ಅವನನ್ನೇ ಕಾಣುತ್ತಿದ್ದಳು. ದೇವಸ್ಥಾನದಲ್ಲಿ ಕಂಡದ್ದೂ ಅವನನ್ನೇ. ಅಲ್ಲಿ ಅಮೆರಿಕದಲ್ಲಿ ಆಮೇಲೂ ಅವಳು ಪಿಸ್ತೂಲು ಬಿಡಲಿಲ್ಲವಂತೆ. ಬಿಟ್ಟರೆ ಭಾವ ಯಾಕೆ ಅಂತ ಕೇಳುತ್ತಾನೆ, ಕೇಳಿದರೆ ಹೇಳಬೇಕಾಗುತ್ತದೆ. ಪ್ರತಿದಿನ ಸೊಂಟಕ್ಕೆ ಕಟ್ಟಿಕೊಂಡು, ಯಾರೂ ಹತ್ತಿರ ಬಾರದಿರಲಿ ಅಂತ ಬೇಡಿಕೊಳ್ಳುತ್ತ ಓಡಾಡಿದ್ದಳು. ಮಸೂದೆಯ ಸುದ್ದಿ ಜೋರಾದಾಗ ಟಿಕೆಟ್ ಮಾಡಿಸಿ ಇಲ್ಲಿಗೆ ಬಂದಿದ್ದಳು.

ಭಾವನಿಗೆ ಹೇಳು ಅಂತ ನಾನೇ ಒತ್ತಾಯ ಮಾಡಿದೆ. ಎರಡು ದಿನ ತಳ್ಳಿದಳು. ಮೂರನೆಯ ದಿನ ಬೆಳಿಗ್ಗೆ, ನನ್ನವರು ಕಂಪನಿ ಬಸ್ಸಿಗೆ ಹೋದ ಮೇಲೆ, ಊಟದ ಮೇಜಿನ ಮೇಲೆ ಫೋನಿಟ್ಟುಕೊಂಡು ಕರೆ ಮಾಡಿದಳು. ನೀನೂ ಇಲ್ಲೇ ಇರು ಅಂದಳು. ಅಲ್ಲಿ ಸಂಜೆ, ಭಾವ ಆಗಷ್ಟೇ ಕೆಲಸದಿಂದ ಬಂದಿದ್ದ. ಅವಳು ಮೊದಲಿನಿಂದ ಕೊನೆಯ ತನಕ ತಡೆಯದೆ ಹೇಳಿದಳು. ಮಗುವಿನ ಮುಖದ ನೇರಕ್ಕೆ ಕೈ ಬಂದದ್ದನ್ನೂ ಬಿಡದೆ ಹೇಳಿದಳು.

ಕೊನೆಗೆ ಅವನು, "ನೀ ಹೊಡೀತಿರಲಿಲ್ಲ. ಕಡೀ ಕ್ಷಣಕ್ಕ ನೋಡಿ ತಡಕೋತಿದ್ದಿ. ನಿನ್ನ ನಾ ಬಲ್ಲೆ," ಅಂದ.

"ನನ್ನ ಬೆರಳು ನನಗ ಗೊತ್ತದ," ಅಂದಳು ಅಕ್ಕ.

"ಬಂದವ ಕೆಟ್ಟವ ಇದ್ದಿದ್ರ?"

ಅಕ್ಕನಿಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ, ಹಾಗೇ ಅಂದಳು. ಆದರೆ ಅವತ್ತು ಬಂದವನು ಒಳ್ಳೆಯವನೇ ಇದ್ದ, ನಾನು ಅವತ್ತಿನದನ್ನೇ ಹೇಳುತ್ತಿದ್ದೇನೆ ಅಂದಳು. ಭಾವ ಮಸೂದೆಯ ಮಾತು ತೆಗೆಯಲಿಲ್ಲ. ಇಷ್ಟು ದಿನ ಒಬ್ಬಳೇ ಇದನ್ನ ಇಟ್ಟುಕೊಂಡು ಹೇಗಿದ್ದೆ ಅಂತ ಕೇಳಿದ. ನಾನು ಎದ್ದು ಒಳಗೆ ಹೋದೆ.

ಹೊರಡುವ ದಿನ ಅಕ್ಕ ನನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು ಜಡೆ ಹಾಕಿದಳು. ಮಗಳಿಗೆ ಆ ಮಧ್ಯಾಹ್ನ ನೆನಪೇ ಇರಲಿಲ್ಲ, ಇದ್ದರೂ ಹೇಳಲಿಲ್ಲ. ನನಗೆ ಮಾತ್ರ ಆಮೇಲೆ ತುಂಬ ದಿನ ಆ ಸೋಫಾದ ಹತ್ತಿರ ಹೋದಾಗ ಒಂದು ಗಳಿಗೆ ಕಾಲು ನಿಲ್ಲುತ್ತಿತ್ತು.

ಅವಳು ಹೋಗಿ ಕೆಲವು ತಿಂಗಳಾದ ಮೇಲೆ ನಾನು ಬುಗಿಸ್ ರೈಲು ಸ್ಟೇಷನ್ನಿನ ಎಸ್ಕಲೇಟರಿನಲ್ಲಿದ್ದೆ. ಹಿಂದಿನಿಂದ ಯಾರೋ ಭುಜ ತಟ್ಟಿದರು. ತಿರುಗಿದರೆ ಕಚೇರಿಗೆ ಹೊರಟ ಒಬ್ಬ ಯುವಕ, ನಾನು ಬೀಳಿಸಿದ್ದ ಬಸ್ ಕಾರ್ಡನ್ನು ಹಿಡಿದಿದ್ದ. ಥ್ಯಾಂಕ್ಸ್ ಅಂದೆ, ಅವನು ನಕ್ಕು ಮುಂದೆ ಹೋದ. ಮೇಲೆ ಬಂದು ಕಂಬಕ್ಕೆ ಒರಗಿ ನಿಂತೆ. ನನಗೆ ಹೆದರಿಕೆಯಾದದ್ದು ಅವನ ಸಲುವಾಗಿ. ಎಷ್ಟು ನಿರಾಳವಾಗಿ ನನ್ನ ಹಿಂದೆ ಬಂದು ಭುಜ ಮುಟ್ಟಿದ ಅವನು. ನಾನು ಎಂದೂ ನೋಡದ ಆ ಜಾಕೆಟ್ಟಿನ ಮನುಷ್ಯನಿಗೆ ಆವತ್ತಿನಿಂದ ನನ್ನ ಮನಸ್ಸಿನಲ್ಲಿ ಒಂದು ಮುಖ ಬಂದಿದೆ. ಕರೆಯದೆಯೂ ಬರುತ್ತದೆ. ಅಮೆರಿಕದ ಸುದ್ದಿ ಕಂಡರೆ ಆ ಮಸೂದೆ ಏನಾಯಿತು ಅಂತ ನೋಡುತ್ತೇನೆ. ಇದನ್ನು ಬರೆಯುವ ಹೊತ್ತಿಗೆ ಇನ್ನೂ ಕಾನೂನಾಗಿಲ್ಲ.

ಅಕ್ಕ ತನ್ನ ಪಿಸ್ತೂಲನ್ನು ಕೊಂಡ ಅಂಗಡಿಗೇ ವಾಪಸು ಕೊಟ್ಟಳು. ಭಾವ ತನ್ನದನ್ನು ಕೊಟ್ಟಿಲ್ಲ. ಅದರ ಬಗ್ಗೆ ಅವರಿಬ್ಬರ ನಡುವೆ ಏನು ಮಾತಾಯಿತೋ ನಾನು ಕೇಳಿಲ್ಲ. ಬೆರಳು ಈಗಲೂ ಒಮ್ಮೊಮ್ಮೆ ತಾನಾಗೇ ಮಡಚುತ್ತದೆ ಅನ್ನುತ್ತಾಳೆ, ಅದಕ್ಕೆ ಒಬ್ಬ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದಾಳೆ.

ಹೋದ ತಿಂಗಳು ಫೋನು ಮಾಡಿದಾಗ ಒಂದು ವಿಷಯ ಹೇಳಿದಳು. ಗೆಳೆಯರ ಮನೆಯ ಗೃಹಪ್ರವೇಶಕ್ಕೆ ಇಬ್ಬರೂ ಹೊಳೆಯಾಚೆ ಹೊರಟಿದ್ದರಂತೆ. ಬಂಕಿನಲ್ಲಿ ಕಾರು ನಿಲ್ಲಿಸಿ ಭಾವ ಇಳಿದು, ತನ್ನ ಪಿಸ್ತೂಲು ತೆಗೆದು, ಗುಂಡು ಬೇರೆ ಮಾಡಿ ಡಿಕ್ಕಿಯಲ್ಲಿಟ್ಟ. ಈ ಕೆಲಸ ಮಾಡುವಾಗ ಎಂದೂ ಗೊಣಗದೆ ಇದ್ದವನಲ್ಲ. ಆವತ್ತು ಗೊಣಗಲಿಲ್ಲ. ಸೇತುವೆ ದಾಟಿದ ಮೇಲೆ ಇವಳು ಹೇಳದೆಯೇ ಆ ಮರಗಳಿರುವ ಜಾಗದಲ್ಲಿ ಕಾರು ತಿರುಗಿಸಿ ನಿಲ್ಲಿಸಿದ. ಎಲ್ಲಿ ನಿಂತಿದ್ದ ಅವನು ಅಂತ ಕೇಳಿದ. ಅಕ್ಕ ಕಿಟಕಿಯ ಆಚೆ ತೋರಿಸಿದಳು. ಭಾವ ಇಳಿದು ಅಲ್ಲಿಯ ತನಕ ನಡೆದು ಹೋಗಿ, ಕಾರಿನ ಕಡೆ ಮುಖ ಮಾಡಿ ನಿಂತು ನೋಡಿದನಂತೆ.

"ಎಷ್ಟು ಹತ್ರ ಅದ ಇದು ಅಂದ್ರು," ಅಂದಳು ಅಕ್ಕ. "ಆಮ್ಯಾಲೆ ಬಂದು ಗಾಡಿ ಚಾಲೂ ಮಾಡಿದ್ರು."